ಒತ್ತಡ ಇರುವುದು ಕೆಲಸದವರಲ್ಲೋ, ಕೆಲಸದಲ್ಲೋ? ಗಾರ್ಮೆಂಟ್ಸ್ ಲೈನನ್ನು ಅಳೆದು ನೋಡುವ ಬಗೆ

“ನಮ್ಮ ಯೂನಿಟ್‌ನಲ್ಲಿ ಎಲ್ಲರಿಗೂ ಟೆನ್ಷನ್ ಜಾಸ್ತಿಯಾಗಿದೆ, ಒಂದು ಯೋಗ ಶಿಬಿರ ಇಟ್ಟರೆ ಸಾಕಾ?” ಗಾರ್ಮೆಂಟ್ಸ್ ಕಾರ್ಖಾನೆಗಳ ಎಚ್‌ಆರ್‌ನವರು, ಕ್ಷೇಮಾಧಿಕಾರಿಗಳು, ಯೂನಿಯನ್‌ನವರು ತಿರುಗಿಸಿ ಮುರುಗಿಸಿ ಕೇಳುವ ಪ್ರಶ್ನೆ ಇದು. ಸಾಲದು. ಶಿಬಿರ ಮುಗಿಸಿ ಬಂದವಳು ಮತ್ತೆ ಅದೇ ಮೆಷಿನ್ ಮುಂದೆ, ಅದೇ ಟಾರ್ಗೆಟ್‌ಗೆ, ಅದೇ ಬೈಗುಳಕ್ಕೆ ಕೂರುತ್ತಾಳೆ. ಮೊದಲು ಅಳೆಯಬೇಕಾದದ್ದು ಅವಳ ಮನಸ್ಸನ್ನಲ್ಲ, ಅವಳು ಕೂತಿರುವ ಲೈನನ್ನು, ಅಂದರೆ ಒಂದೇ ಉಡುಪನ್ನು ಹಂತ ಹಂತವಾಗಿ ಹೊಲಿಯುವ ಮೆಷಿನ್‌ಗಳ ಸಾಲನ್ನು. ಒಂದು ಕಾರ್ಖಾನೆಯೊಳಗೆ ಅದನ್ನು ಮಾಡುವ ಕ್ರಮ ಇಲ್ಲಿದೆ. ಪೀಣ್ಯ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರದ ಹೊಲಿಗೆ ಘಟಕಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದರೂ ಪ್ರಶ್ನೆಗಳನ್ನು ಬದಲಿಸಿಕೊಂಡರೆ ಕಾಲ್ ಸೆಂಟರ್‌ಗೂ ಆಸ್ಪತ್ರೆಯ ವಾರ್ಡ್‌ಗೂ ಇದೇ ಕ್ರಮ ನಡೆಯುತ್ತದೆ.

ಅಳೆಯುವುದು ಏನನ್ನು?

ದೂಳು, ಶಬ್ದ, ಸೆಕೆ ಕಣ್ಣಿಗೆ ಕಿವಿಗೆ ತಿಳಿಯುವ ಅಪಾಯಗಳು. ಕೆಲಸವನ್ನು ಹೇಗೆ ಹಂಚಿದ್ದಾರೆ, ಎಷ್ಟು ವೇಗದಲ್ಲಿ ಕೇಳುತ್ತಾರೆ, ಯಾರು ಯಾರ ಜೊತೆ ಹೇಗೆ ಮಾತಾಡುತ್ತಾರೆ, ದುಡಿದದ್ದಕ್ಕೆ ಏನು ಸಿಗುತ್ತದೆ, ಇವೂ ಮೈಗೆ ತಾಗುವ ಸಂಗತಿಗಳೇ. ಇವಕ್ಕೆ ಒಟ್ಟಾಗಿ ಮನೋಸಾಮಾಜಿಕ ಸ್ಥಿತಿಗತಿ ಎನ್ನುತ್ತಾರೆ. ಎರಡು ಲೆಕ್ಕಾಚಾರ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

ಮೊದಲನೆಯದು ಬೇಡಿಕೆ ಮತ್ತು ಹಿಡಿತ. ಇದನ್ನು 1979ರಲ್ಲಿ ಅಮೆರಿಕದ ರಾಬರ್ಟ್ ಕರಾಸೆಕ್ ಮುಂದಿಟ್ಟರು. ಕೆಲಸ ಜಾಸ್ತಿ ಇರುವುದಷ್ಟೇ ಕೆಡುಕಲ್ಲ. ಕೆಲಸ ಜಾಸ್ತಿಯಿದ್ದು, ಅದನ್ನು ಯಾವಾಗ, ಹೇಗೆ ಮಾಡಬೇಕು ಎನ್ನುವುದರಲ್ಲಿ ಮಾಡುವವರ ಮಾತೇ ನಡೆಯದಿದ್ದರೆ ಆಗ ಕೆಡುಕು. ಮ್ಯಾನೇಜರ್‌ಗೂ ಮೈತುಂಬ ಕೆಲಸ ಇರುತ್ತದೆ, ಆದರೆ ಟೀ ಕುಡಿಯಲು ಅವರು ಯಾರನ್ನೂ ಕೇಳಬೇಕಿಲ್ಲ. ಇದಕ್ಕೆ ಆಮೇಲೆ ಮೂರನೆಯ ಅಂಶವಾಗಿ ಬೆಂಬಲ ಸೇರಿತು: ಕಷ್ಟ ಬಂದಾಗ ಪಕ್ಕದವರು, ಮೇಲಿನವರು ಕೈ ಹಿಡಿಯುತ್ತಾರಾ?

ಎರಡನೆಯದು ದುಡಿಮೆ ಮತ್ತು ಪ್ರತಿಫಲ. ಇದು ಜರ್ಮನಿಯ ಯೊಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಕೊಟ್ಟ ಲೆಕ್ಕ. ಪ್ರತಿಫಲ ಅಂದರೆ ಸಂಬಳ ಮಾತ್ರವಲ್ಲ, ಮರ್ಯಾದೆ ಮತ್ತು ನಾಳೆಯ ಭರವಸೆಯೂ ಸೇರಿ ಮೂರು. ಪಿ.ಎಫ್. ಹಣ ತೆಗೆಯುವ ನಿಯಮವನ್ನು ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದದ್ದನ್ನು ನೆನಪಿಸಿಕೊಳ್ಳಿ. ಆ ಸಲ ಕೈ ಹಾಕಿದ್ದು ತಿಂಗಳ ಸಂಬಳಕ್ಕಲ್ಲ, ಮೂರನೆಯದಕ್ಕೆ. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ಇದೆಲ್ಲ ಮೈಗೆ ಇಳಿಯುವ ದಾರಿ ಎರಡು. ಒಂದು ನೇರ ದಾರಿ: ಅಪಾಯ ಕಂಡಾಗ ಮೈ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸಗಳನ್ನು ಬಿಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಿ.ಪಿ. ಏರುತ್ತದೆ, ಕತ್ತು ಭುಜ ಬಿಗಿಯುತ್ತವೆ. ಅರ್ಧ ಗಂಟೆ ಹೀಗಾದರೆ ತೊಂದರೆಯಿಲ್ಲ. ದಿನಾ ಎಂಟೊಂಬತ್ತು ಗಂಟೆ, ವರ್ಷಗಟ್ಟಲೆ ಇಳಿಯಲು ಬಿಡದಿದ್ದರೆ ರಕ್ತನಾಳ, ನಿದ್ದೆ, ಸಕ್ಕರೆ ಎಲ್ಲಕ್ಕೂ ಪೆಟ್ಟು. ಇನ್ನೊಂದು ಸುತ್ತು ದಾರಿ: ಊಟ ಬಿಡುವುದು, ನೀರು ಕುಡಿಯದಿರುವುದು, ನಿದ್ದೆ ಕಡಿಮೆ ಮಾಡುವುದು, ಎಲೆಯಡಿಕೆ ತಂಬಾಕು ಹೆಚ್ಚಾಗುವುದು.

ಸಾಕ್ಷ್ಯ ಕೇಳಿದವರಿಗೆ ಮೂರು ಸಂಗತಿ ಹೇಳಿ. 1985ರಲ್ಲಿ ಲಂಡನ್ನಿನಲ್ಲಿ 10,308 ಸರ್ಕಾರಿ ನೌಕರರ ಮೇಲೆ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಿಗೆ ಹೃದ್ರೋಗ ಹೆಚ್ಚು ಎಂದು ಕಂಡಿತು. ಯುರೋಪಿನ ಸುಮಾರು 2 ಲಕ್ಷ ಕೆಲಸಗಾರರ ಮಾಹಿತಿ ಕೂಡಿಸಿದ 2012ರ ವಿಶ್ಲೇಷಣೆಯಲ್ಲಿ, ಬೇಡಿಕೆ ಹೆಚ್ಚು ಹಿಡಿತ ಕಡಿಮೆ ಇದ್ದವರಿಗೆ ಹೃದ್ರೋಗದ ಅಪಾಯ ಶೇ. 23ರಷ್ಟು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಹೇಳಿದ್ದು: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕೂ ಮೇಲೆ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35, ಹೃದ್ರೋಗದಿಂದ ಸಾಯುವ ಅಪಾಯ ಶೇ. 17 ಹೆಚ್ಚು. ಹಾಗಂತ ಈ ಅಂಕಿ ಹಿಡಿದು ಯಾರನ್ನೂ ಹೆದರಿಸಬೇಡಿ. ಶೇ. 23 ಎನ್ನುವುದು ಇಡೀ ಗುಂಪಿನ ಲೆಕ್ಕ, ಸಿಗರೇಟಿನ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು. ಆದರೆ ಸಿಗರೇಟು ಬಿಡುವುದು ಕೆಲಸಗಾರರ ಕೈಯಲ್ಲಿದೆ, ಲೈನಿನ ವೇಗ ಅವರ ಕೈಯಲ್ಲಿಲ್ಲ.

ಏನೇನು ಬೇಕು?

ಒಂದು ವಿಭಾಗ ಅಥವಾ ಒಂದೆರಡು ಲೈನ್, ಅಂದರೆ 40ರಿಂದ 80 ಜನ. ಇಡೀ ಕಾರ್ಖಾನೆಯನ್ನು ಒಂದೇ ಸಲ ಹಿಡಿಯಬೇಡಿ, ದಡ ಸೇರುವುದಿಲ್ಲ. ಐದು ಜನರ ತಂಡ: ಕ್ಷೇಮಾಧಿಕಾರಿ, ಪ್ರೊಡಕ್ಷನ್ ಕಡೆಯವರೊಬ್ಬರು, ಹೊಲಿಯುವವರು ಇಬ್ಬರು, ಹೆಲ್ಪರ್ ಒಬ್ಬರು. ಹೊಲಿಯುವವರನ್ನು ಮೇಲಿನವರು ಆರಿಸಬಾರದು, ಲೈನಿನವರೇ ಹೇಳಬೇಕು. ಪ್ರಶ್ನೆಪತ್ರಿಕೆ, ಬೀಗ ಹಾಕುವ ಪೆಟ್ಟಿಗೆ, ಒಂದು ಕೈಗಡಿಯಾರ, ಹಿಂದಿನ 12 ತಿಂಗಳ ರಿಜಿಸ್ಟರ್‌ಗಳು. ಅಳೆಯಲು 4 ವಾರ, ಬದಲಾವಣೆ ಮಾಡಿ ನೋಡಲು 8 ವಾರ. ಕೊನೆಯದಾಗಿ, ಬರೋ ಉತ್ತರಕ್ಕೆ ತಕ್ಕಂತೆ ಒಂದಾದರೂ ಬದಲಾವಣೆ ಮಾಡುತ್ತೇವೆ ಎಂದು ಫ್ಯಾಕ್ಟರಿ ಮ್ಯಾನೇಜರ್ ಸಹಿ ಮಾಡಿದ ಒಂದು ಪುಟ. ಇದು ಸಿಗದಿದ್ದರೆ ಶುರು ಮಾಡಬೇಡಿ. ಕೇಳಿ ಸುಮ್ಮನಾಗುವುದು ಕೇಳದೇ ಇರುವುದಕ್ಕಿಂತ ಕೆಟ್ಟದ್ದು, ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

1. ಬೀರುವಿನಲ್ಲಿರುವ ಲೆಕ್ಕ ತೆಗೆಯಿರಿ

ಯಾರನ್ನೂ ಏನೂ ಕೇಳುವ ಮೊದಲು ಹಾಜರಿ, ಕೆಲಸ ಬಿಟ್ಟವರ ಪಟ್ಟಿ, ಓಟಿ (ಹೆಚ್ಚುವರಿ ಹೊತ್ತಿನ ಕೆಲಸ), ಪ್ರಥಮ ಚಿಕಿತ್ಸೆ ರಿಜಿಸ್ಟರ್, ಆಲ್ಟರ್ (ತಪ್ಪಾಗಿ ಮತ್ತೆ ಹೊಲಿಯಬೇಕಾದ) ಪೀಸ್‌ಗಳ ಲೆಕ್ಕ ಇವನ್ನು ಲೈನ್‌ವಾರು, ತಿಂಗಳುವಾರು ಬರೆದುಕೊಳ್ಳಿ. ಗೈರುಹಾಜರಿ ಲೆಕ್ಕ ಹೀಗೆ: 40 ಜನ, 26 ಕೆಲಸದ ದಿನ ಅಂದರೆ 1,040 ಆಳುದಿನ. ಗೈರು 73 ದಿನ ಇದ್ದರೆ 73ನ್ನು 1,040ರಿಂದ ಭಾಗಿಸಿ ನೂರರಿಂದ ಗುಣಿಸಿ, ಶೇ. 7. ಪಕ್ಕದ ಲೈನಿನಲ್ಲಿ ಇದೇ ತಿಂಗಳು ಶೇ. 4 ಇದ್ದರೆ ಕೇಳಬೇಕಾದ ಮೊದಲ ಪ್ರಶ್ನೆ ಸಿಕ್ಕಿತು.

ಇಲ್ಲಿ ಬೀಳುವ ತಪ್ಪು ಹಬ್ಬದ್ದು. ಯುಗಾದಿ, ಗೌರಿ ಗಣೇಶ, ಪಿತೃಪಕ್ಷ, ಊರ ಜಾತ್ರೆ, ಜೂನ್‌ನ ಶಾಲೆ ಸೇರಿಸುವ ದಿನಗಳಲ್ಲಿ ಹಾಜರಿ ಹೇಗೂ ಬೀಳುತ್ತದೆ. ಆದ್ದರಿಂದ ಒಂದು ಲೈನಿನ ಮಾರ್ಚ್‌ಅನ್ನು ಅದರ ಫೆಬ್ರವರಿ ಜೊತೆ ಹೋಲಿಸದೆ, ಬೇರೆ ಲೈನಿನ ಮಾರ್ಚ್ ಜೊತೆ ಹೋಲಿಸಿ. ಒಡಿಶಾ, ಜಾರ್ಖಂಡ್ ಕಡೆಯ ಹುಡುಗಿಯರು ಹಾಸ್ಟೆಲ್‌ನಲ್ಲಿದ್ದು ಕೆಲಸ ಮಾಡುವ ಲೈನ್ ಆದರೆ ಹಾಜರಿ ಚೆನ್ನಾಗಿಯೇ ಕಾಣುತ್ತದೆ. ಹಾಸ್ಟೆಲ್‌ನಿಂದ ಗೈರಾಗುವುದು ಸುಲಭವಲ್ಲ. ಅಲ್ಲಿ ಕೆಲಸ ಬಿಟ್ಟವರ ಲೆಕ್ಕವನ್ನು ನೋಡಿ, ಸೇರಿ 90 ದಿನದೊಳಗೆ ಬಿಟ್ಟವರು ಎಷ್ಟು ಎಂದು.

ಪ್ರಥಮ ಚಿಕಿತ್ಸೆ ರಿಜಿಸ್ಟರ್‌ನಲ್ಲಿ “ಸೂಜಿ ಚುಚ್ಚಿತು” ಎಂಬ ಸಾಲುಗಳ ಪಕ್ಕ ಹೊತ್ತು ಬರೆದಿರುತ್ತಾರೆ. ಗಂಟೆವಾರು ಎಣಿಸಿ. ಊಟಕ್ಕೆ ಮುಂಚಿನ ಗಂಟೆ, ಕೊನೆಯ ಗಂಟೆಗಳಲ್ಲಿ ಗುಂಪುಗೂಡಿದ್ದರೆ ಅದು ಅಜಾಗರೂಕತೆಯಲ್ಲ, ದಣಿವು.

2. ಒಂದು ಪಾಳಿ ಪೂರ್ತಿ ನಿಂತು ನೋಡಿ

ಲೈನಿನ ತಲೆಯ ಹತ್ತಿರ ಒಂದು ಬೋರ್ಡ್ ಇರುತ್ತದೆ. ಗಂಟೆಗೊಂದು ಸಾಲು: ಟಾರ್ಗೆಟ್, ಆದದ್ದು, ಬಾಕಿ. ಬಾಕಿಯನ್ನು ಕೆಂಪು ಬಣ್ಣದಲ್ಲಿ ಬರೆಯುತ್ತಾರೆ. ಬೆಳಗ್ಗೆ 9.30ಕ್ಕೆ ಕೆಂಪಿನಲ್ಲಿ 30 ಬಿತ್ತು ಅಂದರೆ ಅದು ಮುಂದಿನ ಗಂಟೆಯ ತಲೆ ಮೇಲೆ ಕೂರುತ್ತದೆ, 10.30ಕ್ಕೆ 55 ಆಗುತ್ತದೆ, ಹನ್ನೆರಡರ ಹೊತ್ತಿಗೆ ಸೂಪರ್‌ವೈಸರ್‌ನ ಧ್ವನಿ ಏರುತ್ತದೆ. ಆ ಬೋರ್ಡಿನ ಮುಂದೆ ಬೆಳಗ್ಗೆಯಿಂದ ಸಂಜೆ ತನಕ ನಿಲ್ಲಿ. ಒತ್ತಡ ಹುಟ್ಟುವ ಕ್ಷಣ ಯಾವುದು ಎಂದು ಕಣ್ಣಾರೆ ಸಿಗುತ್ತದೆ.

ಈಗ ಟಾರ್ಗೆಟ್ ಬಂದದ್ದು ಎಲ್ಲಿಂದ ಎಂದು ಲೆಕ್ಕ ಹಾಕಿ. ಐಇ ವಿಭಾಗದವರು, ಅಂದರೆ ಹೊತ್ತು ಅಳೆದು ಟಾರ್ಗೆಟ್ ಕಟ್ಟುವವರು, ಬಳಸುವ ಪದ ಎಸ್‌ಎಎಂ. ಒಂದು ಪೀಸ್ ಪೂರ್ತಿ ಹೊಲಿಯಲು ಎಲ್ಲ ಆಪರೇಷನ್ (ಹೊಲಿಗೆಯ ಒಂದೊಂದು ಹಂತ) ಸೇರಿ ಇಷ್ಟು ನಿಮಿಷ ಎಂಬ ಲೆಕ್ಕ ಅದು. ಸೂತ್ರ: ಆಪರೇಟರ್‌ಗಳ ಸಂಖ್ಯೆಯನ್ನು 60ರಿಂದ ಗುಣಿಸಿ, ದಕ್ಷತೆಯಿಂದ ಗುಣಿಸಿ, ಎಸ್‌ಎಎಂನಿಂದ ಭಾಗಿಸಿ. ಲೆಕ್ಕಕ್ಕೆ 36 ಆಪರೇಟರ್, 18 ನಿಮಿಷದ ಶರ್ಟ್ ಎಂದಿಟ್ಟುಕೊಳ್ಳಿ. ದಕ್ಷತೆ ಶೇ. 85 ಅಂದರೆ ಗಂಟೆಗೆ 102 ಪೀಸ್. ಶೇ. 60 ಅಂದರೆ 72. ಗಂಟೆಗೆ 102 ಬರಬೇಕಾದರೆ ಪ್ರತಿ ಆಪರೇಷನ್‌ನಿಂದ 35 ಸೆಕೆಂಡಿಗೊಂದು ಪೀಸ್ ಮುಂದೆ ಹೋಗುತ್ತಿರಬೇಕು. ದಾರ ತುಂಡಾಗಿ ಒಂದು ನಿಮಿಷ ಹೋದರೆ ಸುಮಾರು ಎರಡು ಪೀಸ್ ಹೋಯಿತು. ಸೂಜಿ ಮುರಿದು, ಮುರಿದ ತುಂಡೆಲ್ಲ ಹುಡುಕಿ ತೋರಿಸಿ ಹೊಸದು ತರುವ ಹೊತ್ತಿಗೆ ಆರೇಳು.

ಹೊಸ ಸ್ಟೈಲ್ ಲೋಡ್ ಆದ, ಅಂದರೆ ಹೊಸ ಮಾದರಿಯ ಉಡುಪು ಲೈನಿಗೆ ಬಂದ, ಮೊದಲ ದಿನವೇ 102 ಎಂದು ಬೋರ್ಡಿನಲ್ಲಿ ಬರೆದಿದ್ದಾರಾ ನೋಡಿ. ಕೈ ಪಳಗಲು ನಾಲ್ಕೈದು ದಿನ ಬೇಕೆಂದು ಐಇಯವರಿಗೂ ಗೊತ್ತು. ಆದರೂ ಬರೆದಿದ್ದರೆ, ಆಗದು ಎಂದು ಗೊತ್ತಿದ್ದೇ ಬರೆದದ್ದು. ಮುಂದಿನ ಬೈಗುಳಕ್ಕೆ ಬೀಜ ಅಲ್ಲಿ ಬಿತ್ತು.

ನೋಡಬೇಕಾದ ಇನ್ನಷ್ಟು: ನೀರಿನ ಬಾಟಲಿ ಮಧ್ಯಾಹ್ನದ ಹೊತ್ತಿಗೂ ತುಂಬಿಯೇ ಇದೆಯಾ? ಇದ್ದರೆ ಕುಡಿದಿಲ್ಲ, ಟಾಯ್ಲೆಟ್‌ಗೆ ಎದ್ದು ಹೋಗಬೇಕಾಗುತ್ತದೆ ಎಂದು. ಇದು ಮೂತ್ರದ ಸೋಂಕಿನಲ್ಲಿ ಮುಗಿಯುತ್ತದೆ, ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ “ಹೊಟ್ಟೆ ನೋವು” ಎಂದು ದಾಖಲಾಗುತ್ತದೆ. ಟಾಯ್ಲೆಟ್‌ಗೆ ಟೋಕನ್ ಇದೆಯಾ, ಲೈನಿಗೆ ಎಷ್ಟು? ಮೆಕ್ಯಾನಿಕ್ ಕರೆದ ಮೇಲೆ ಬರಲು ಎಷ್ಟು ನಿಮಿಷ? ಓಟಿ ಇದೆ ಎಂದು ಯಾವಾಗ ಹೇಳಿದರು, ಹಿಂದಿನ ದಿನವೋ ಸಂಜೆ ಐದಕ್ಕೋ? ಎಲ್ಲದರ ಪಕ್ಕ ಹೊತ್ತು ಬರೆಯಿರಿ.

ಎಚ್ಚರ: ಮೊದಲ ದಿನ ಎಲ್ಲರೂ ಒಳ್ಳೆಯವರಾಗಿರುತ್ತಾರೆ. ಆದ್ದರಿಂದ ಮೂರು ದಿನ ಹೀಗೆ ನಿಂತು, ಮೂರನೆಯ ದಿನದ ಟಿಪ್ಪಣಿಯನ್ನಷ್ಟೇ ನಂಬಿ.

3. ಪ್ರಶ್ನೆಪತ್ರಿಕೆ

ಸಿದ್ಧ ಪ್ರಶ್ನಾವಳಿಗಳು ಇವೆ. ಡೆನ್ಮಾರ್ಕಿನಲ್ಲಿ ಹುಟ್ಟಿದ ಕೋಪ್‌ಸಾಕ್, ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ 35 ಪ್ರಶ್ನೆಗಳ ಪಟ್ಟಿ, ಜಪಾನಿನ 57 ಪ್ರಶ್ನೆಗಳದ್ದು. ಜಪಾನಿನಲ್ಲಂತೂ 50 ಮತ್ತು ಹೆಚ್ಚು ನೌಕರರಿರುವ ಕಡೆ ವರ್ಷಕ್ಕೊಮ್ಮೆ ಇಂಥ ತಪಾಸಣೆ 2015ರ ಡಿಸೆಂಬರ್‌ನಿಂದ ಕಡ್ಡಾಯ. ಆದರೆ ಕಚೇರಿಯವರಿಗೆ ಒಪ್ಪುವ ಪ್ರಶ್ನೆಯನ್ನು ಪದಕ್ಕೆ ಪದ ಕನ್ನಡಕ್ಕೆ ಇಳಿಸಿ ಲೈನಿನವರ ಮುಂದಿಟ್ಟರೆ ಅರ್ಥವಾಗುವುದಿಲ್ಲ. “ನಿಮ್ಮ ಕಾರ್ಯನಿರ್ವಹಣೆಯಲ್ಲಿ ಸ್ವಾಯತ್ತತೆ ಇದೆಯೇ?” ಎಂದು ಕೇಳಿದರೆ ಯಾರೇನು ಹೇಳಬೇಕು! ಮೊದಲ ಸಲಕ್ಕೆ ನಿಮ್ಮದೇ 12 ಪ್ರಶ್ನೆ ಸಾಕು. ಉತ್ತರ 1ರಿಂದ 5: ಎಂದೂ ಇಲ್ಲ, ಅಪರೂಪಕ್ಕೆ, ಕೆಲವು ಸಲ, ತುಂಬ ಸಲ, ಯಾವಾಗಲೂ.

ಬೇಡಿಕೆಗೆ: ಟಾರ್ಗೆಟ್ ಮುಗಿಸಲು ಊಟದ ಬಿಡುವಿನಲ್ಲೂ ಹೊಲಿಯುತ್ತೇನೆ. ಮುಂಚೆ ಹೇಳದೆ ಓಟಿಗೆ ನಿಲ್ಲಿಸುತ್ತಾರೆ. ನಿನ್ನೆಯ ಬಾಕಿಯನ್ನು ಇವತ್ತು ಕೇಳುತ್ತಾರೆ.
ಹಿಡಿತಕ್ಕೆ: ಬೇಕೆನಿಸಿದಾಗ ಟಾಯ್ಲೆಟ್‌ಗೆ ಹೋಗಬಹುದು. ಮೆಷಿನ್ ಕೆಟ್ಟಾಗ ಕೆಲಸ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಬಹುದು. ಬೇಕಾದ ದಿನ ರಜೆ ಸಿಗುತ್ತದೆ.
ಬೆಂಬಲಕ್ಕೆ: ನನ್ನ ಹತ್ತಿರ ಬಂಡಲ್ ಜಮಾಯಿಸಿದಾಗ ಯಾರಾದರೂ ಸಹಾಯಕ್ಕೆ ಬರುತ್ತಾರೆ. ತಪ್ಪಾದರೆ ಸೂಪರ್‌ವೈಸರ್ ತೋರಿಸಿಕೊಡುತ್ತಾರೆ.
ಪ್ರತಿಫಲಕ್ಕೆ: ನನ್ನ ಕೆಲಸಕ್ಕೆ ಇಲ್ಲಿ ಮರ್ಯಾದೆ ಇದೆ. ಸಂಬಳದ ಚೀಟಿಯಲ್ಲಿ ಇರುವುದು ನನಗೆ ಅರ್ಥವಾಗುತ್ತದೆ.
ಮೈಗೆ: ರಾತ್ರಿ ನಿದ್ದೆ ಬರದೆ ಹೊರಳಾಡುತ್ತೇನೆ. ಭಾನುವಾರ ಸಂಜೆಯಿಂದಲೇ ಸೋಮವಾರದ ಯೋಚನೆ ಹತ್ತುತ್ತದೆ.

ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಇರಲಿ. “ಸೂಪರ್‌ವೈಸರ್ ಒಳ್ಳೆಯವರು ಮತ್ತು ಸಹಾಯ ಮಾಡುತ್ತಾರೆ” ಎಂದು ಬರೆದರೆ ಒಳ್ಳೆಯವರಾಗಿದ್ದೂ ಸಹಾಯ ಮಾಡದವರಿಗೆ ಯಾವ ಅಂಕ ಕೊಡುವುದು? ಮನೆಯ ವಿಷಯ, ಗಂಡನ ವಿಷಯ, ಮಾತ್ರೆ ತಗೋತೀರಾ, ಸಾಯಬೇಕೆನಿಸುತ್ತಾ ಎಂಬ ಪ್ರಶ್ನೆಗಳು ಬೇಡ. ಖಿನ್ನತೆ ಅಳೆಯುವ ವೈದ್ಯಕೀಯ ಪ್ರಶ್ನಾವಳಿಯನ್ನು ಎಚ್‌ಆರ್‌ನವರು ಹಂಚುವುದಂತೂ ಕೂಡದು. ಉತ್ತರ ನೋಡಿ ಏನು ಮಾಡಬೇಕೆಂದು ಗೊತ್ತಿಲ್ಲದವರು ಆ ಪ್ರಶ್ನೆ ಕೇಳಬಾರದು.

ಹೆಸರು, ಟೋಕನ್ ನಂಬರ್, ವಯಸ್ಸು ಯಾವುದೂ ಬೇಡ. ಲೈನ್ ನಂಬರ್ ಮತ್ತು ಕೆಲಸ, ಇಷ್ಟೇ. ಒಂದು ಗುಂಪಿನಲ್ಲಿ ಹತ್ತಕ್ಕಿಂತ ಕಡಿಮೆ ಜನ ಇದ್ದರೆ ಅವರ ಲೆಕ್ಕವನ್ನು ಬೇರೆಯಾಗಿ ತೋರಿಸಬೇಡಿ, ಯಾರು ಏನು ಬರೆದರೆಂದು ಗೊತ್ತಾಗಿಬಿಡುತ್ತದೆ. ಅಕ್ಷರ ಗುರುತು ಸಿಗದಿರಲಿ ಎಂದು ಬರೆಯುವ ಜಾಗವೇ ಇಡಬೇಡಿ, ಅಂಕಿಗೆ ಗುರುತು ಹಾಕುವುದಷ್ಟೇ ಇರಲಿ. ಓದಲು ಬಾರದವರಿಗೆ ಒಬ್ಬರು ಗಟ್ಟಿಯಾಗಿ ಓದಿ ಹೇಳಬಹುದು, ಗುರುತು ಹಾಕುವುದು ಅವರವರೇ. ಐದು ಮುಖಗಳ ಚಿತ್ರ ಇಟ್ಟರೆ ಇನ್ನೂ ಸುಲಭ. ಹಿಂದಿ, ಒಡಿಯಾ ಪ್ರತಿ ಬೇಕಿದ್ದರೆ ಆ ಭಾಷೆಯ ಹುಡುಗಿಯರಿಂದಲೇ ಓದಿಸಿ ತಿದ್ದಿಸಿ.

ಅತಿ ಹೆಚ್ಚು ಜನ ಬೀಳುವ ಗುಂಡಿ ಇದು: ಪತ್ರಿಕೆಗಳನ್ನು ಸೂಪರ್‌ವೈಸರ್ ಕೈಯಲ್ಲಿ ಹಂಚಿಸಿ ಅವರ ಕೈಯಿಂದಲೇ ವಾಪಸ್ ತರಿಸುವುದು. ಹಾಗೆ ಬಂದ ಪತ್ರಿಕೆಯಲ್ಲಿ ಎಲ್ಲರೂ ಸುಖವಾಗಿರುತ್ತಾರೆ. ಸಂಬಳದ ದಿನ, ಬೋನಸ್ ವಾರ, ಶಿಪ್‌ಮೆಂಟ್ ಹೋಗುವ ವಾರ ಬೇಡ. ಕೆಲಸದ ಹೊತ್ತಿನಲ್ಲೇ 20 ನಿಮಿಷ ಲೈನ್ ನಿಲ್ಲಿಸಿ, ಆ 20 ನಿಮಿಷವನ್ನು ಟಾರ್ಗೆಟ್‌ನಿಂದ ಕಳೆಯಿರಿ. ಕಳೆಯದಿದ್ದರೆ ಸಮೀಕ್ಷೆಯೇ ಇನ್ನೊಂದು ಒತ್ತಡ. ನೂರರಲ್ಲಿ ಅರವತ್ತಕ್ಕಿಂತ ಕಡಿಮೆ ಪತ್ರಿಕೆ ಪೆಟ್ಟಿಗೆಗೆ ಬಿದ್ದರೆ ಅಂಕಿ ಬದಿಗಿಡಿ, ಯಾಕೆ ಹಾಕಲಿಲ್ಲ ಎಂದು ತಿಳಿದುಕೊಳ್ಳಿ.

4. ಕೂಡಿ ಕಳೆದು ನೋಡುವುದು

ಬೇಡಿಕೆಯ ಮೂರು ಪ್ರಶ್ನೆಗಳ ಸರಾಸರಿ, ಹಿಡಿತದ ಮೂರರ ಸರಾಸರಿ ತೆಗೆಯಿರಿ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಅಡ್ಡಕ್ಕೆ ಹಿಡಿತ, ಉದ್ದಕ್ಕೆ ಬೇಡಿಕೆ, 3ರ ಹತ್ತಿರ ಎರಡು ಗೆರೆ. ಪ್ರತಿ ಗುಂಪಿಗೂ ಒಂದು ಚುಕ್ಕಿ. ಬೇಡಿಕೆ 4.1, ಹಿಡಿತ 1.9 ಬಂದ ಗುಂಪು ಎಡಗಡೆ ಮೇಲಿನ ಮೂಲೆಗೆ ಬೀಳುತ್ತದೆ. ಕರಾಸೆಕ್ ಹೇಳಿದ ಕೆಟ್ಟ ಮೂಲೆ ಅದೇ. ಬೆಂಬಲವೂ ಕಡಿಮೆ ಇದ್ದರೆ ಆ ಚುಕ್ಕಿಗೆ ಕೆಂಪು ಬಳಿಯಿರಿ.

ಸರಾಸರಿ ಮೋಸ ಮಾಡುತ್ತದೆ. ಇಪ್ಪತ್ತು ಜನ 5, ಇಪ್ಪತ್ತು ಜನ 1 ಕೊಟ್ಟರೂ ಸರಾಸರಿ 3, ಏನೂ ತೊಂದರೆಯಿಲ್ಲದ ಹಾಗೆ ಕಾಣುತ್ತದೆ. ಆದ್ದರಿಂದ ಪ್ರತಿ ಪ್ರಶ್ನೆಗೂ 4 ಮತ್ತು 5 ಕೊಟ್ಟವರು ನೂರಕ್ಕೆ ಎಷ್ಟು ಎಂದು ಬೇರೆಯಾಗಿ ಬರೆಯಿರಿ. ಹೀಗೆ ಎರಡು ಬಣವಾಗಿ ಒಡೆದ ಲೈನ್ ಕಂಡರೆ ಒಳಗೆ ಏನೋ ಇದೆ. ಬೇಕಾದವರು ಬೇಡದವರು ಎಂಬ ಭೇದ ಇರಬಹುದು, ಕಷ್ಟದ ಆಪರೇಷನ್‌ಗಳೆಲ್ಲ ಕೆಲವರ ತಲೆಗೇ ಬಂದಿರಬಹುದು. ಕಾಲರ್ ಕೂರಿಸುವವಳಿಗೂ ಗುಂಡಿ ಹಾಕುವವಳಿಗೂ ಕೆಲಸ ಒಂದೇ ಅಲ್ಲ.

ಸೂಪರ್‌ವೈಸರ್‌ಗಳಿಗೂ ಇದೇ ಪತ್ರಿಕೆ ಕೊಡಿ, ಎಲ್ಲ ಲೈನಿನವರನ್ನು ಸೇರಿಸಿ ಒಂದೇ ಗುಂಪು ಮಾಡಿ. ಸಾಮಾನ್ಯವಾಗಿ ಅವರ ಚುಕ್ಕಿಯೂ ಅದೇ ಕೆಟ್ಟ ಮೂಲೆಯ ಆಸುಪಾಸು ಬೀಳುತ್ತದೆ. ಗಂಟೆಗೊಮ್ಮೆ ಫೋನಿನಲ್ಲಿ ಲೆಕ್ಕ ಕೇಳಿಸಿಕೊಳ್ಳುವವರು ಅವರು, ಟಾರ್ಗೆಟ್ ಬದಲಿಸುವ ಅಧಿಕಾರ ಅವರಿಗಿಲ್ಲ. ಬೈಗುಳ ಹುಟ್ಟುವುದು ಅವರ ಬಾಯಲ್ಲಿ ಅಂದುಕೊಂಡು “ಮೃದುವಾಗಿ ಮಾತಾಡುವ ತರಬೇತಿ” ಕೊಟ್ಟರೆ ಎರಡು ವಾರ ನಿಲ್ಲುತ್ತದೆ.

5. ಮಾತಾಡಿಸಿ

ಅಂಕಿ ಎಲ್ಲಿ ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಆರರಿಂದ ಎಂಟು ಜನ, ಮುಕ್ಕಾಲು ಗಂಟೆ, ಕೆಲಸದ ಹೊತ್ತಿನಲ್ಲಿ, ಮೇಲಿನವರು ಯಾರೂ ಇಲ್ಲದೆ. ಒಬ್ಬರು ನಡೆಸಲು, ಒಬ್ಬರು ಬರೆದುಕೊಳ್ಳಲು. ಮೊಬೈಲ್ ರೆಕಾರ್ಡಿಂಗ್ ಬೇಡ. “ನಿಮಗೆ ಟೆನ್ಷನ್ ಇದೆಯಾ?” ಎಂದು ಶುರು ಮಾಡಿದರೆ “ಎಲ್ಲ ಕಡೆ ಇದ್ದದ್ದೇ ಬಿಡಿ ಮೇಡಂ” ಎಂದು ಮುಗಿಯುತ್ತದೆ. ಹೀಗೆ ಕೇಳಿ: ಹೋದ ವಾರ ಯಾವ ದಿನ ತುಂಬ ಕಷ್ಟವಾಯಿತು? ಆ ದಿನ ಯಾವ ಗಂಟೆ? ಅದಕ್ಕೆ ಮುಂಚೆ ಏನಾಯಿತು? ಆಗ ಏನು ಸಿಕ್ಕಿದ್ದರೆ ಸುಲಭವಾಗುತ್ತಿತ್ತು? ಕೊನೆಯ ಪ್ರಶ್ನೆಗೆ ಬರುವ ಉತ್ತರ ಹೆಚ್ಚಾಗಿ ಚಿಕ್ಕದು, ಅಗ್ಗದ್ದು. ಇನ್ನೊಂದು ಟ್ರಿಮ್ಮರ್, ಬಂಡಲ್ ತಂದುಕೊಡಲು ಒಬ್ಬ ಹೆಲ್ಪರ್, ಮಗುವಿನ ಶಾಲೆಯಿಂದ ಫೋನ್ ಬಂದರೆ ಹೇಳಿ ಕಳಿಸುವವರು.

ಈ ಮಾತುಕತೆಯಲ್ಲಿ ಲೈಂಗಿಕ ಕಿರುಕುಳದ ಸುಳಿವು ಬಂದರೆ ಅದನ್ನು ಸಮೀಕ್ಷೆಯ ಟಿಪ್ಪಣಿಯೊಳಗೆ ಸೇರಿಸಿ ಮುಚ್ಚಬೇಡಿ. 2013ರ ಕಾಯ್ದೆಯಂತೆ 10 ಮತ್ತು ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಲಿಖಿತ ದೂರಿಗೆ ಘಟನೆಯಾದ ದಿನದಿಂದ 3 ತಿಂಗಳು ಅವಕಾಶ, ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಆ ದಾರಿಯನ್ನು ಆಕೆಗೆ ತಿಳಿಸಿ, ತೀರ್ಮಾನ ಆಕೆಯದು.

6. ಬದಲಾವಣೆ, ಬುಡದಿಂದ

ಮೂರು ಹಂತದ ಪರಿಹಾರಗಳಿವೆ. ಬುಡದ್ದು ಕೆಲಸವನ್ನೇ ತಿದ್ದುವುದು. ನಡುವಿನದು ತಡೆದುಕೊಳ್ಳುವ ಶಕ್ತಿ ಕೊಡುವುದು, ಯೋಗ ಶಿಬಿರ ಇಲ್ಲಿಗೆ ಬರುತ್ತದೆ. ತುದಿಯದು ಬಳಲಿದವರ ಚಿಕಿತ್ಸೆ. ಮೂರೂ ಬೇಕು, ಆದರೆ ಹಣ ಮೊದಲು ಬುಡಕ್ಕೆ ಹೋಗಲಿ. ಲೈನಿನಲ್ಲಿ ಮಾಡಬಹುದಾದವು ಇವು.

ಟಾರ್ಗೆಟ್ ಏಣಿ. ಹೊಸ ಸ್ಟೈಲ್‌ಗೆ ಮೊದಲ ದಿನ ಶೇ. 40, ಆಮೇಲೆ 50, 60, 70, ಐದನೆಯ ದಿನ 85. ಮೇಲಿನ ಲೆಕ್ಕದಲ್ಲಿ ಗಂಟೆಗೆ 48, 60, 72, 84, 102. ಬೋರ್ಡಿನಲ್ಲಿ ಇದನ್ನೇ ಬರೆಯಬೇಕು. ಶಿಪ್‌ಮೆಂಟ್ ತಡವಾಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಹಳೆಯ ಬೋರ್ಡುಗಳ ಫೋಟೋ ತೋರಿಸಿ: 102 ಎಂದು ಬರೆದ ಮೊದಲ ದಿನಗಳಲ್ಲಿ ನಿಜಕ್ಕೂ ಆದದ್ದು ಎಷ್ಟು, ಅದರಲ್ಲಿ ಆಲ್ಟರ್ ಎಷ್ಟು?

ರಿಲೀವರ್. ಅಂದರೆ ಎದ್ದು ಹೋದವರ ಮೆಷಿನ್‌ಗೆ ಕೂರುವವರು. 36 ಜನ, ದಿನಕ್ಕೆ ಎರಡು ಸಲ, ಸಲಕ್ಕೆ 6 ನಿಮಿಷ ಅಂದರೆ 432 ನಿಮಿಷ. ಎಂಟು ಗಂಟೆ ಪಾಳಿಯಲ್ಲಿ ಇರುವುದು 480. ಹಾಗಾಗಿ ಲೈನಿಗೊಬ್ಬ ಪಳಗಿದ ರಿಲೀವರ್ ಇದ್ದರೆ ಟೋಕನ್ ಕಿತ್ತುಹಾಕಬಹುದು. ಆಕೆಗೆ ಕನಿಷ್ಠ ನಾಲ್ಕೈದು ಆಪರೇಷನ್ ಬರಬೇಕು, ಸಂಬಳವೂ ಅದಕ್ಕೆ ತಕ್ಕ ಹಾಗೆ ಇರಬೇಕು. ಎಡವುವುದು ಇಲ್ಲಿ: ಯಾರಾದರೂ ರಜೆ ಹಾಕಿದ ದಿನ ರಿಲೀವರ್‌ನನ್ನೇ ಆ ಮೆಷಿನ್‌ಗೆ ಕೂರಿಸಿಬಿಡುತ್ತಾರೆ. ಗೈರಿನವರ ಬದಲಿಗೆ ಬೇರೆ ವ್ಯವಸ್ಥೆ ಇರಲಿ.

ಮೆಷಿನ್ ನಿಂತ ಹೊತ್ತು. ಕರೆದ ಹೊತ್ತು, ಬಂದ ಹೊತ್ತು ಎಂದು ಮೆಷಿನ್ ಮೇಲೆ ಚೀಟಿ ಇಟ್ಟು, ಅಷ್ಟು ನಿಮಿಷವನ್ನು ಆಕೆಯ ಟಾರ್ಗೆಟ್‌ನಿಂದ ಕಳೆಯಿರಿ. ಕೆಟ್ಟದ್ದು ಮೆಷಿನ್, ಬೈಸಿಕೊಳ್ಳುವುದು ಅವಳು ಎಂಬ ಸ್ಥಿತಿ ಆ ಒಂದು ಚೀಟಿಯಿಂದ ತಪ್ಪುತ್ತದೆ.

ಓಟಿ ಒಂದು ದಿನ ಮುಂಚೆ ತಿಳಿಸಿ, ಒಲ್ಲೆ ಎಂದವರನ್ನು ಬಿಡಿ. ಹಳೆಯ ಕಾರ್ಖಾನೆ ಕಾಯ್ದೆಯಲ್ಲೂ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಓಟಿಗೆ ಕೂಲಿ ಎರಡು ಪಟ್ಟು. “ಕಾಂಪ್ ಆಫ್ (ಬದಲಿ ರಜೆ) ಕೊಡ್ತೀವಿ” ಎಂದು ಅದನ್ನು ಹಾರಿಸುವುದು ಒತ್ತಡವಷ್ಟೇ ಅಲ್ಲ, ಕಳ್ಳತನ.

ಸೂಪರ್‌ವೈಸರ್‌ಗೆ ಗಂಟೆಗೊಮ್ಮೆ ಕೊಡುವ ವರದಿಯನ್ನು ಎರಡು ಗಂಟೆಗೊಮ್ಮೆ ಮಾಡಿ. ಬಾಕಿ ಬಿದ್ದರೆ ಅಂದೇ ಸಂಜೆ ಬೋರ್ಡ್ ಒರೆಸಿ, ಮಾರನೆಯ ದಿನಕ್ಕೆ ಹೊರಿಸಬೇಡಿ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ಒಂದು ಲೈನಿಗೆ ಒಂದೋ ಎರಡೋ ಬದಲಾವಣೆ, ಪಕ್ಕದ ಲೈನ್ ಹಾಗೇ ಇರಲಿ. ಎಂಟು ವಾರ ಬಿಟ್ಟು ಎರಡರ ಗೈರು, ಆಲ್ಟರ್, ಮತ್ತೆ ಅದೇ 12 ಪ್ರಶ್ನೆ ಹೋಲಿಸಿ. ಮೊದಲೆರಡು ವಾರದ ಅಂಕಿ ಲೆಕ್ಕಕ್ಕಿಲ್ಲ, ಯಾವ ಹೊಸತೂ ಮೊದಲು ಖುಷಿ ಕೊಡುತ್ತದೆ. ಆ ಎಂಟು ವಾರದಲ್ಲಿ ಸೂಪರ್‌ವೈಸರ್ ಬದಲಾದರೆ ಲೆಕ್ಕ ಮತ್ತೆ ಒಂದನೆಯ ವಾರದಿಂದ.

7. ಈಗಲೇ ಬಳಲಿರುವವರಿಗೆ

ಸಮೀಕ್ಷೆ ಮುಗಿಯುವ ತನಕ ಯಾರೂ ಕಾಯಬೇಕಿಲ್ಲ. ಎರಡು ವಾರಕ್ಕೂ ಮೇಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಕಾರಣವಿಲ್ಲದೆ ಅಳು, ಸಾಯುವ ಮಾತು ಕಂಡರೆ ವೈದ್ಯರ ಹತ್ತಿರ ಹೋಗಬೇಕು. ಸಾಯುವ ಮಾತಾದರೆ ಎರಡು ವಾರ ನೋಡುವುದೂ ಬೇಡ, ಅಂದೇ ಹೋಗಬೇಕು, ಅವರನ್ನು ಒಬ್ಬರನ್ನೇ ಬಿಡಬಾರದು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಈ ನಂಬರನ್ನು ನೋಟಿಸ್ ಬೋರ್ಡಿಗಿಂತ ಟಾಯ್ಲೆಟ್ ಬಾಗಿಲ ಒಳಗಡೆ ಅಂಟಿಸಿ. ಅಲ್ಲಿ ಬರೆದುಕೊಳ್ಳುವುದನ್ನು ಯಾರೂ ನೋಡುವುದಿಲ್ಲ.

ಬರ್ನೌಟ್ ಎಂಬ ಪದವನ್ನು ಈಗ ಎಲ್ಲರೂ ಬಳಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ತನ್ನ ರೋಗಪಟ್ಟಿಗೆ ಸೇರಿಸಿದ್ದು ರೋಗವಾಗಿ ಅಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿಯಾಗಿ: ಜೀವ ಬಸಿದುಹೋದಂಥ ದಣಿವು, ಕೆಲಸದ ಮೇಲೆ ಬೇಸರ, ಮಾಡಿದ್ದು ಸಾರ್ಥಕವಲ್ಲ ಎಂಬ ಭಾವ. ಎದೆನೋವು, ಏದುಸಿರು, ಕೈಕಾಲು ಜೋಮು ಇದ್ದರೆ “ಟೆನ್ಷನ್ನಿಗೆ ಹಾಗಾಗುತ್ತೆ” ಎಂದು ಕೂರದೆ ಮೊದಲು ಹೃದಯ, ಬಿ.ಪಿ., ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ರಕ್ತ ಕಡಿಮೆಯಿರುವವರ ಸುಸ್ತು ಲೈನ್ ಬದಲಿಸಿದರೆ ಹೋಗುವುದಿಲ್ಲ.

ಮ್ಯಾನೇಜ್‌ಮೆಂಟ್ ಒಪ್ಪದ ಕಡೆ ಇರುವವರು, ಒಬ್ಬರೇ ಆಗಿರುವವರು ಏನು ಮಾಡಬಹುದು ಎಂದು ಕೇಳುತ್ತೀರಿ. ಹದಿನಾಲ್ಕು ದಿನ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ದಿನಕ್ಕೆ ಐದೇ ಅಂಶ: ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಊಟಕ್ಕೆ ಎಷ್ಟು ನಿಮಿಷ ಸಿಕ್ಕಿತು, ಕಷ್ಟವಾದ ಗಂಟೆ ಯಾವುದು ಮತ್ತು ಯಾಕೆ, ರಾತ್ರಿ ಎಷ್ಟು ಗಂಟೆ ನಿದ್ದೆ. ವಾರದ ರಜೆಯ ದಿನವೂ ಬರೆಯಿರಿ. ರಜೆಯ ಹಿಂದಿನ ರಾತ್ರಿ ಒಳ್ಳೆ ನಿದ್ದೆ, ಮಿಕ್ಕ ದಿನ ಇಲ್ಲ ಎಂದಾದರೆ ಬೊಟ್ಟು ಕೆಲಸದ ಕಡೆ ತಿರುಗುತ್ತದೆ. ಎಲ್ಲ ದಿನವೂ ಒಂದೇ ಎಂದಾದರೆ ಬೇರೆ ಕಾರಣವನ್ನೂ ಹುಡುಕಿ. ಪುಸ್ತಕ ಮನೆಯಲ್ಲಿರಲಿ, ಮೆಷಿನ್ ಡ್ರಾಯರ್‌ನಲ್ಲಿ ಬೇಡ. ವೈದ್ಯರ ಹತ್ತಿರ ಹೋಗುವಾಗ ಅದನ್ನೇ ತೋರಿಸಿ, ಗಂಟೆಗಳ ಲೆಕ್ಕ ಮೀರಿದ್ದರೆ ಯೂನಿಯನ್ನಿಗೋ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್‌ಗೋ ಅದರ ಜೆರಾಕ್ಸ್ ಕೊಡಿ, ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ.